ಅಸಿಸ್ಟೆಡ್ ಲಿವಿಂಗ್: ಅಲ್ಲಿನ ಮಾಮೂಲಿ ದಿನ

ಎಲ್ಲರಿಗೂ ನಮಸ್ಕಾರ. ಅಪ್ಪನನ್ನೋ ಅಮ್ಮನನ್ನೋ ಅಸಿಸ್ಟೆಡ್ ಲಿವಿಂಗ್‌ಗೆ, ಅಂದರೆ ವಯಸ್ಸಾದವರು ದಿನನಿತ್ಯದ ಕೆಲಸಗಳಿಗೆ ಸಹಾಯ ಪಡೆಯುತ್ತಾ ವಾಸಿಸುವ ಮನೆಗೆ, ಸೇರಿಸಬೇಕಾ ಅಂತ ಯೋಚಿಸುತ್ತಿರುವವರು ಇಲ್ಲಿದ್ದೀರಿ. ನಾಳೆ ನಾವೇ ಹೋಗಬೇಕಾಗಬಹುದು ಅಂದುಕೊಂಡು ಬಂದವರೂ ಇದ್ದೀರಿ. ನೋಡಲು ಹೋದವರಿಗೆ ತೋಟ, ಊಟದ ಹಾಲ್, ಗೋಡೆಯ ಮೇಲಿನ ಚಟುವಟಿಕೆಗಳ ಪಟ್ಟಿ ತೋರಿಸುತ್ತಾರೆ. ಆದರೆ ಅಲ್ಲಿರುವವರ ದಿನವನ್ನು ನಿರ್ಧರಿಸುವುದು ಅದ್ಯಾವುದೂ ಅಲ್ಲ.

1963ರಲ್ಲಿ ಸಿಡ್ನಿ ಕಾಟ್ಜ್ ಎಂಬ ವೈದ್ಯರು ಮತ್ತು ಅವರ ತಂಡ ದಿನನಿತ್ಯದ ಬದುಕಿಗೆ ಬೇಕಾದ ಆರು ಮೂಲ ಕೆಲಸಗಳನ್ನು ಗುರುತಿಸಿದರು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ ಮಾಡುವುದು. ಇವುಗಳಲ್ಲಿ ಎಷ್ಟಕ್ಕೆ ಇನ್ನೊಬ್ಬರ ಕೈ ಬೇಕೋ, ದಿನದ ಅಷ್ಟು ಹೊತ್ತು ನಿಮ್ಮದಾಗಿ ಉಳಿಯುವುದಿಲ್ಲ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಏಳುತ್ತಾರೆ, ನೋಡಿಕೊಳ್ಳುವವರು ಕೆಲವೇ ಜನ, ಹಾಗಾಗಿ ಬೆಲ್ ಒತ್ತಿ ಕಾಯಬೇಕು. ನೀರು ಬೇಕು ಅಂತ ಕಾಯುವುದು ಬೇರೆ, ಶೌಚಾಲಯಕ್ಕೆ ಹೋಗಬೇಕು ಅಂತ ಕಾಯುವುದೇ ಬೇರೆ, ಅಲ್ವಾ? ಕೆಲವರು ಈ ಭಯಕ್ಕೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ, ಅದರಿಂದ ಇನ್ನಷ್ಟು ತೊಂದರೆ ಆಗುತ್ತದೆ. ಪಾರ್ಕಿನ್ಸನ್ (ಚಲನೆಯನ್ನು ಕಷ್ಟವಾಗಿಸುವ ಮೆದುಳಿನ ಕಾಯಿಲೆ) ಇರುವವರಿಗೆ ಅದರ ಔಷಧಿ ಲೆವೊಡೋಪ ಮಾತ್ರೆ ತಡವಾದರೆ ಕೈಕಾಲು ಬಿಗಿಯುತ್ತವೆ, ಏಳಲಿಕ್ಕೇ ಆಗುವುದಿಲ್ಲ. ಇದಕ್ಕೆಲ್ಲ ಸಿಬ್ಬಂದಿಯನ್ನು ಬೈದು ಉಪಯೋಗವಿಲ್ಲ. ಅವರಲ್ಲಿ ಹೆಚ್ಚಿನವರು ಓಡಾಡಿ ಸುಸ್ತಾಗಿರುತ್ತಾರೆ. ಜನ ಸಾಲದಿರುವುದೇ ಸಮಸ್ಯೆ.

ಮಧ್ಯಾಹ್ನ ಬಹಳ ಉದ್ದ. ಟಿವಿ ಓಡುತ್ತಿರುತ್ತದೆ. ಹೊಸಬರಿಗೆ ಮೊದಲ ಕಷ್ಟ ಊಟದ ಮೇಜಿನಲ್ಲಿ, ಯಾಕೆಂದರೆ ಪ್ರತಿ ಕುರ್ಚಿಯೂ ಆಗಲೇ ಯಾರದ್ದೋ ಆಗಿರುತ್ತದೆ. ನಿಧಾನಕ್ಕೆ ಸ್ನೇಹವೂ ಆಗುತ್ತದೆ, ಗಟ್ಟಿ ಸ್ನೇಹವೇ ಆಗುತ್ತದೆ. ಆಮೇಲೆ ಒಂದು ದಿನ ಪಕ್ಕದವರು ಊಟಕ್ಕೆ ಬರುವುದಿಲ್ಲ, ಯಾರೂ ಏನೂ ಹೇಳುವುದಿಲ್ಲ. ಹೀಗೆ ಮುಚ್ಚಿಡುವುದು ತಪ್ಪು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಜೊತೆಯಲ್ಲಿ ಉಂಡವರಿಗೆ ಅಳುವ ಹಕ್ಕಿದೆ.

ಕೆರೆನ್ ಬ್ರೌನ್ ವಿಲ್ಸನ್ 1983ರಲ್ಲಿ ಅಮೆರಿಕದ ಆರೆಗನ್‌ನಲ್ಲಿ ಇಂಥ ಮೊದಮೊದಲ ಮನೆಗಳಲ್ಲಿ ಒಂದನ್ನು ತೆರೆದರು. ಪಾರ್ಶ್ವವಾಯು ಬಡಿದ ಅವರ ತಾಯಿ ನರ್ಸಿಂಗ್ ಹೋಮ್‌ನಲ್ಲಿದ್ದರು, ಅಂದರೆ ನಮ್ಮಲ್ಲಿನಂತೆ ಸಣ್ಣ ಆಸ್ಪತ್ರೆಯಲ್ಲ, ಸದಾ ನರ್ಸ್‌ಗಳ ಆರೈಕೆ ಬೇಕಾದವರು ವಾಸಿಸುವ ಕಡೆ. ಅಲ್ಲಿ ಅವರಿಗೆ ತಮ್ಮದು ಅನ್ನುವ ಜಾಗವೇ ಇರಲಿಲ್ಲ. ಅದಕ್ಕೇ ವಿಲ್ಸನ್ ಕಟ್ಟಿದ ಕಡೆ ಪ್ರತಿಯೊಬ್ಬರ ಬಾಗಿಲಿಗೂ ಒಳಗಿನಿಂದ ಹಾಕಿಕೊಳ್ಳುವ ಬೀಗ ಇತ್ತು. ಇವತ್ತು ಎಷ್ಟೋ ಕಡೆ ಬಾಗಿಲು ತಟ್ಟುವ ಮೊದಲೇ ಒಳಗೆ ಬಂದುಬಿಡುತ್ತಾರೆ.

ಮನಶ್ಶಾಸ್ತ್ರಜ್ಞರಾದ ಎಲ್ಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರ್ಸಿಂಗ್ ಹೋಮ್‌ನ ಒಂದು ಗುಂಪಿಗೆ ನಿಮ್ಮ ದಿನ ನೀವೇ ನಿರ್ಧರಿಸಿ ಅಂದು, ಆರೈಕೆ ಮಾಡಲು ಒಂದು ಗಿಡ ಕೊಟ್ಟರು. ಇನ್ನೊಂದು ಗುಂಪಿನ ಗಿಡಕ್ಕೆ ಸಿಬ್ಬಂದಿಯೇ ನೀರು ಹಾಕಿದರು. ಮೊದಲನೆಯವರು ಹೆಚ್ಚು ಚುರುಕಾಗಿ, ಖುಷಿಯಾಗಿ ಇದ್ದರು. ಮಕ್ಕಳಾದ ನಾವು ಸುರಕ್ಷತೆ ಅನ್ನುವ ಹೆಸರಲ್ಲಿ ಎಲ್ಲವನ್ನೂ ನಾವೇ ತೀರ್ಮಾನಿಸಿಬಿಡುತ್ತೇವೆ. ಎಷ್ಟು ಹೊತ್ತಿಗೆ ಸ್ನಾನ, ಯಾವ ಬಟ್ಟೆ, ಯಾರ ಪಕ್ಕ ಕೂರಬೇಕು, ಇದನ್ನಾದರೂ ಅವರಿಗೇ ಬಿಡಿ.

ಸೇರಿಸುವ ಮೊದಲು ಹೇಳದೆ ಒಂದು ಸಂಜೆ ಹೋಗಿ ಸುಮ್ನೆ ಕೂತು ನೋಡಿ. ಬೆಲ್ ಬಾರಿಸಿದರೆ ಎಷ್ಟು ಹೊತ್ತಿಗೆ ಬರುತ್ತಾರೆ ಗಮನಿಸಿ. ರಾತ್ರಿ ಎರಡು ಗಂಟೆಗೆ ಕೆಲಸದಲ್ಲಿ ಎಷ್ಟು ಜನ ಇರುತ್ತಾರೆ ಅಂತ ಕೇಳಿ, ಆ ಪ್ರಶ್ನೆಯನ್ನು ಅಲ್ಲಿ ವಾಸಿಸುವವರಿಗೂ ಕೇಳಿ.