ಯಾರ ಮತ ಎಷ್ಟು ತೂಗುತ್ತದೆ?

ಕೇಳುಗರಿಗೆ ನಮಸ್ಕಾರ. ಹೊಸ ಶಕ್ತಿಗಳು ಬೆಳೆದು ನಿಂತಾಗ ದೇಶದೇಶಗಳ ಸಂಬಂಧ ಹೇಗೆ ಬದಲಾಗುತ್ತದೆ ಎಂಬುದು ಇವತ್ತಿನ ವಿಷಯ. ಈ ಮಾತೆತ್ತಿದರೆ ಸಾಕು, ಎಲ್ಲರೂ ಯುದ್ಧನೌಕೆ ಎಣಿಸಲು ಕೂರುತ್ತಾರೆ. ಇಲ್ಲವೇ ಶೃಂಗಸಭೆಯಲ್ಲಿ ಯಾರು ಯಾರನ್ನು ಅಪ್ಪಿಕೊಂಡರು ಎಂಬ ಚರ್ಚೆ. ದಯವಿಟ್ಟು ಎರಡನ್ನೂ ಬದಿಗಿಡಿ. ಕೇಳಬೇಕಾದ ಪ್ರಶ್ನೆ ಒಂದೇ: ತೀರ್ಮಾನದ ಹೊತ್ತಿಗೆ ಯಾರ ಮತ ಎಷ್ಟು ತೂಗುತ್ತದೆ?

ಸಂಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಅಂತಾರಾಷ್ಟ್ರೀಯ ಹಣಕಾಸು ನಿಧಿಯನ್ನೇ, ಅಂದರೆ ಐಎಂಎಫ್ ಅನ್ನೇ ನೋಡಿ. ಅಲ್ಲಿ ದೇಶಕ್ಕೊಂದು ಮತ ಎಂಬ ಲೆಕ್ಕವಿಲ್ಲ. ಪ್ರತಿ ದೇಶಕ್ಕೂ ಒಂದು ಕೋಟಾ, ಅಂದರೆ ನಿಧಿಗೆ ಹಾಕುವ ಹಣದ ಪಾಲು. ಕೋಟಾ ದೊಡ್ಡದಾದಷ್ಟೂ ಮತ ಹೆಚ್ಚು. ಕೋಟಾ ಬದಲಿಸಬೇಕಾದರೆ ಶೇ 85ರಷ್ಟು ಮತ ಬೇಕು. ಅಮೆರಿಕ ಒಂದರ ಬಳಿಯೇ ಶೇ 16ಕ್ಕೂ ಹೆಚ್ಚಿದೆ. ಉಳಿದವರೆಲ್ಲ ಒಟ್ಟಾದರೂ 85 ಮುಟ್ಟುವುದಿಲ್ಲ!

2010ರಲ್ಲಿ ಶೇ 6ಕ್ಕೂ ಹೆಚ್ಚು ಕೋಟಾವನ್ನು ಬೆಳೆಯುತ್ತಿರುವ ದೇಶಗಳಿಗೆ ಬಿಟ್ಟುಕೊಡುವುದೆಂದು ಒಪ್ಪಂದವಾಯಿತು. ಅಮೆರಿಕದ ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟದ್ದು 2015ರ ಡಿಸೆಂಬರ್‌ನಲ್ಲಿ. ಐದು ವರ್ಷ ಯಾರು ಕಾಯುತ್ತಾರೆ? ಚೀನಾ ಕಾಯಲಿಲ್ಲ. 2014ರ ಅಕ್ಟೋಬರ್‌ನಲ್ಲಿ ಬೀಜಿಂಗ್‌ನಲ್ಲಿ 21 ದೇಶಗಳನ್ನು ಸೇರಿಸಿ, ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್‌ಗೆ ಸಹಿ ಹಾಕಿಸಿತು. ಬಂಡವಾಳ 10,000 ಕೋಟಿ ಡಾಲರ್.

ಇದಕ್ಕೆ ಸೇರಬೇಡಿ ಎಂದು ಅಮೆರಿಕ ತನ್ನ ಆಪ್ತರ ಮೇಲೆ ಒತ್ತಡ ಹಾಕಿತು. ಸ್ಥಾಪಕ ಸದಸ್ಯರಾಗಲು 2015ರ ಮಾರ್ಚ್ 31 ಕೊನೆಯ ದಿನ. ಮಾರ್ಚ್ 12ರಂದು ಬ್ರಿಟನ್, ಹೌದು, ಬ್ರಿಟನ್ನೇ, ನಾನು ಸೇರುತ್ತೇನೆ ಎಂದು ಘೋಷಿಸಿತು. ವಾಷಿಂಗ್ಟನ್ ಬಹಿರಂಗವಾಗಿಯೇ ಮುನಿಸಿಕೊಂಡಿತು. ಬ್ರಿಟನ್ನಿನ ಲೆಕ್ಕ ಸರಳ: ನಿಯಮ ಬರೆಯುವಾಗ ಒಳಗಿದ್ದವರಿಗೆ ಮಾತಾಡುವ ಹಕ್ಕು, ಆಮೇಲೆ ಬಂದವರಿಗೆ ಬರೆದಿಟ್ಟ ನಿಯಮ. ಮೇಲಾಗಿ ಚೀನಾದ ಯುವಾನ್ ವಹಿವಾಟು ಲಂಡನ್ನಿಗೆ ಬೇಕಿತ್ತು. ಐದೇ ದಿನಕ್ಕೆ ಜರ್ಮನಿ, ಫ್ರಾನ್ಸ್, ಇಟಲಿ ಹಿಂಬಾಲಿಸಿದವು. ಆಮೇಲೆ ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ. ಕೊನೆಗೆ ಸ್ಥಾಪಕರ ಸಂಖ್ಯೆ 57. ಅಮೆರಿಕ, ಜಪಾನ್ ಹೊರಗುಳಿದವು. ಬ್ಯಾಂಕ್ ಬಾಗಿಲು ತೆರೆದದ್ದು 2016ರ ಜನವರಿ 16ಕ್ಕೆ. ಐಎಂಎಫ್ ಸುಧಾರಣೆ ಜಾರಿಗೆ ಬಂದದ್ದು ಜನವರಿ 26ಕ್ಕೆ!

ಇನ್ನು ಸ್ವಾರಸ್ಯದ ಭಾಗ. ಈ ಹೊಸ ಬ್ಯಾಂಕಿನಲ್ಲಿ ದೊಡ್ಡ ತೀರ್ಮಾನಗಳಿಗೆ ಶೇ 75ರಷ್ಟು ಮತ ಬೇಕು. ಚೀನಾದ ಪಾಲು ಸುಮಾರು ಶೇ 26. ಕೂಡಿ ಕಳೆದು ನೋಡಿ, ಅಮೆರಿಕದ ಪಟ್ಟೇ! ಎರಡನೇ ದೊಡ್ಡ ಪಾಲು ಭಾರತದ್ದು. ಗಡಿಯಲ್ಲಿ ಜಗಳವಿದ್ದರೂ ಅಲ್ಲಿಂದ ಅತಿ ಹೆಚ್ಚು ಸಾಲ ಪಡೆದ ದೇಶವೂ ಭಾರತವೇ. ಒಂದು ಮೇಜಿನಲ್ಲಿ ಎದುರಾಳಿ, ಇನ್ನೊಂದರಲ್ಲಿ ಪಾಲುದಾರ. ಇದನ್ನು ಇಬ್ಬಂದಿತನ ಎನ್ನುವವರಿಗೆ ನನ್ನ ಉತ್ತರ ಅದೇ: ಮತದ ಪಾಲು ನೋಡಿ.

ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಸೇರಿ ಕಟ್ಟಿದ ಬ್ರಿಕ್ಸ್ ಬ್ಯಾಂಕ್ ಬಗ್ಗೆ ಒಂದೇ ಮಾತು. ಐದು ಸ್ಥಾಪಕ ದೇಶಗಳಿಗೂ ಸಮಪಾಲು, ಯಾರಿಗೂ ವೀಟೊ, ಅಂದರೆ ಒಬ್ಬರೇ ತೀರ್ಮಾನ ತಡೆಯುವ ಅಧಿಕಾರ, ಇಲ್ಲ. ಕಚೇರಿ ಶಾಂಘೈಗೆ ಹೋಯಿತು, ಮೊದಲ ಅಧ್ಯಕ್ಷ ಸ್ಥಾನ ಭಾರತಕ್ಕೆ ಬಂತು.

ಸಮಯ ಮುಗಿಯುತ್ತಾ ಬಂತು, ಭದ್ರತಾ ಮಂಡಳಿ ಇನ್ನೂ ಬಾಕಿ. 1945ರಲ್ಲಿ ವಿಶ್ವಸಂಸ್ಥೆಯಲ್ಲಿದ್ದದ್ದು 51 ದೇಶ, ಈಗ 193. ಮಂಡಳಿ ಹಿಗ್ಗಿದ್ದು ಒಮ್ಮೆ ಮಾತ್ರ, 1965ರಲ್ಲಿ, 11ರಿಂದ 15ಕ್ಕೆ. ಸೇರಿದ ನಾಲ್ಕೂ ತಾತ್ಕಾಲಿಕ ಸ್ಥಾನಗಳೇ. ಮತ್ತೆ ಬದಲಿಸಲು 129 ದೇಶಗಳು ಮತ ಹಾಕಬೇಕು, ಅಷ್ಟೇ ದೇಶಗಳು ತಮ್ಮಲ್ಲಿ ಅನುಮೋದಿಸಬೇಕು, ಅವುಗಳಲ್ಲಿ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ ಐದೂ ಕಾಯಂ ಸದಸ್ಯರು ಇರಲೇಬೇಕು. ಭಾರತ, ಜಪಾನ್, ಜರ್ಮನಿ, ಬ್ರೆಜಿಲ್ ಜೊತೆಯಾಗಿ ಕಾಯಂ ಸ್ಥಾನ ಕೇಳುತ್ತಿವೆ. ಅಡ್ಡಗಾಲು ಹಾಕುತ್ತಿರುವವರಲ್ಲಿ ಪಾಕಿಸ್ತಾನ, ದಕ್ಷಿಣ ಕೊರಿಯಾ, ಇಟಲಿ, ಅರ್ಜೆಂಟೀನಾ ಇವೆ. ಯಾರು ಯಾರ ಅಕ್ಕಪಕ್ಕದವರು ಎಂದು ಭೂಪಟ ತೆಗೆದು ನೋಡಿಕೊಳ್ಳಿ. ನಮಸ್ಕಾರ.