ಕಣ್ಣಿನ ಕೆಳಗಿನ ಕಪ್ಪು: ಮೂಗಿನಿಂದ ಸಿಕ್ಕ ಉತ್ತರ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಬೆಳಗಿನ ಆರೂವರೆಗೆ, ಮುಖಕ್ಕೆ ಏನನ್ನೂ ಹಚ್ಚದೆ, ಬೆಂಗಳೂರಿನ ನನ್ನ ಮನೆಯ ಕಿಟಕಿಯ ಬಳಿ ಕುಳಿತು ಐದು ತಿಂಗಳ ಹಿಂದೆ ತೆಗೆದ ದೃಶ್ಯ. ನನ್ನ ಕಣ್ಣಿನ ಕೆಳಗಿನ ಕಪ್ಪನ್ನು ಕಂಡವರೆಲ್ಲ ನಿದ್ದೆಗೆಟ್ಟಿದ್ದೀಯಾ ಎಂದು ಕೇಳುತ್ತಿದ್ದರು. ಎಂಟು ಗಂಟೆ ಮಲಗಿ ಎದ್ದ ದಿನವೂ ಅದು ಹಾಗೆಯೇ ಇರುತ್ತದೆ ಎಂದರೆ ಯಾರೂ ನಂಬುತ್ತಿರಲಿಲ್ಲ.

ರೆಪ್ಪೆಯ ಚರ್ಮ ಸುಮಾರು ಅರ್ಧ ಮಿಲಿಮೀಟರ್‌ನಷ್ಟು ಮಾತ್ರ ದಪ್ಪವಿದ್ದು, ಅದರ ಅಡಿಯಲ್ಲಿ ಕೊಬ್ಬು ಬಹಳ ಕಡಿಮೆ ಇರುವುದರಿಂದ ಒಳಗಿನ ಸ್ನಾಯು ಮತ್ತು ರಕ್ತನಾಳಗಳ ಬಣ್ಣ ಹೊರಗೆ ಇಣುಕುತ್ತದೆ. ನಿದ್ದೆಗೆಟ್ಟಾಗ ಅಥವಾ ರಕ್ತಹೀನತೆಯಿದ್ದಾಗ ಮುಖ ಬಿಳಿಚಿಕೊಂಡು ಈ ನೀಲಿ ಛಾಯೆ ಎದ್ದು ಕಾಣುತ್ತದೆ. ಚರ್ಮದಲ್ಲಿಯೇ ಮೆಲನಿನ್ ಎಂಬ ಬಣ್ಣದ ವಸ್ತು ಹೆಚ್ಚಾಗಿ ಉಂಟಾಗುವ ಕಂದು ಬಣ್ಣ ಬೇರೆ; ಕಣ್ಣಿನ ಒಳಮೂಲೆಯಿಂದ ಕೆನ್ನೆಯತ್ತ ಇಳಿಯುವ ತಗ್ಗಿನಲ್ಲಿ ಬೀಳುವ ಬರಿಯ ನೆರಳು ಇನ್ನೂ ಬೇರೆ.

ಕನ್ನಡಿಯ ಮುಂದೆ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಬಹುದು. ನೆತ್ತಿಯ ಮೇಲಿನ ದೀಪ ಆರಿಸಿ, ಕಿಟಕಿಗೆ ಎದುರಾಗಿ ನಿಂತು ಗದ್ದ ಎತ್ತಿದಾಗ ಕಪ್ಪು ಬಹುತೇಕ ಮಾಯವಾದರೆ ಅದು ನೆರಳು. ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಕೆಳಗೆಳೆದಾಗ ನೀಲಿ ಇನ್ನಷ್ಟು ಸ್ಪಷ್ಟವಾದರೆ ರಕ್ತನಾಳಗಳ ಪಾತ್ರವಿದೆ. ಕಂದು ಬಣ್ಣ ಹಾಗೆಯೇ ಉಳಿದರೆ ಮೆಲನಿನ್ ಕಾರಣ. ಅನೇಕರಲ್ಲಿ ಇವು ಬೆರೆತೇ ಇರುವುದರಿಂದ ಇದನ್ನು ಸುಳಿವು ಎಂದಷ್ಟೇ ತಿಳಿಯಬೇಕು.

ನನ್ನದು ಹೆಚ್ಚಿನ ಪಾಲು ಕಂದು. ಚರ್ಮರೋಗ ತಜ್ಞೆ ನನ್ನ ನಿದ್ದೆಯ ಬಗ್ಗೆ ಹೆಚ್ಚು ಕೇಳದೆ ಮೂಗಿನ ಬಗ್ಗೆ ಕೇಳಿದರು: ಬೆಳಿಗ್ಗೆ ಸೀನು ಬರುತ್ತದೆಯೇ, ಕಣ್ಣು ತುರಿಸುತ್ತದೆಯೇ, ಉಜ್ಜಿಕೊಳ್ಳುತ್ತೀರಾ? ಮೂರಕ್ಕೂ ಹೌದು ಎಂದೆ. ಅಲರ್ಜಿಯಿಂದ ಮೂಗು ಕಟ್ಟಿದಾಗ ಕಣ್ಣಿನ ಕೆಳಗಿನ ಅಭಿಧಮನಿಗಳಲ್ಲಿ ರಕ್ತ ನಿಧಾನಗೊಂಡು ಅವು ಉಬ್ಬುತ್ತವೆ. ತುರಿಕೆ ತಾಳದೆ ದಿನವೂ ಉಜ್ಜಿದರೆ ಉರಿಯೂತವಾಗಿ, ನಮ್ಮಂಥ ಗೋಧಿ ಬಣ್ಣದ ಚರ್ಮ ಅಲ್ಲಿ ಮೆಲನಿನ್ ಸೇರಿಸಿಕೊಳ್ಳುತ್ತದೆ. ಧೂಳು, ಪರಾಗ, ಖಾಲಿ ನಿವೇಶನಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ ಎಲ್ಲವೂ ಇರುವ ಈ ಊರಿನಲ್ಲಿ ಇದು ಅಪರೂಪವಲ್ಲ. ಅಂಗೈಯಿಂದ ಕಣ್ಣುಜ್ಜುವ ನನ್ನ ಅಭ್ಯಾಸ ನನಗೇ ತಿಳಿದಿರಲಿಲ್ಲ. ಹಳೆಯ ವೀಡಿಯೊಗಳನ್ನು ನೋಡಿದಾಗ ನಗು ಬಂತು, ನಾಚಿಕೆಯೂ ಆಯಿತು.

ಹೀಗಾಗಿ ನನ್ನ ಚಿಕಿತ್ಸೆ ಮೂಗಿನ ಸ್ಪ್ರೇಯಿಂದ ಆರಂಭವಾಯಿತು. ಜೊತೆಗೆ ತುರಿಕೆಗೆ ಮಾತ್ರೆ, ಹಗಲಿನಲ್ಲಿ ಸನ್‌ಸ್ಕ್ರೀನ್, ಕೆಲವು ವಾರಗಳ ನಂತರ ವಾರಕ್ಕೆರಡು ರಾತ್ರಿ ಕಡಿಮೆ ಪ್ರಮಾಣದ ರೆಟಿನಾಲ್ (ವಿಟಮಿನ್ ಎ ರೂಪದ ಲೇಪ). ಗರ್ಭಿಣಿಯರು ರೆಟಿನಾಲ್ ಬಳಸಬಾರದು. ಸೌತೆಕಾಯಿಯ ತಂಪು ಊತವನ್ನು ಸ್ವಲ್ಪ ಹೊತ್ತು ಇಳಿಸುತ್ತದೆ, ಮೆಲನಿನ್ನಿಗೆ ಏನೂ ಮಾಡುವುದಿಲ್ಲ. ನಿಂಬೆರಸವನ್ನಂತೂ ಹಚ್ಚಲೇಬೇಡಿ, ಅದು ಚರ್ಮವನ್ನು ಕೆರಳಿಸಿ, ಬಿಸಿಲು ತಾಗಿದರೆ ಕಪ್ಪನ್ನು ಹೆಚ್ಚಿಸಬಲ್ಲದು.

ನನಗೆ ಸಿಟ್ಟು ಬರುವುದು ಔಷಧಿ ಅಂಗಡಿಯಲ್ಲಿ ಕೇಳಿದೊಡನೆ ಸಿಗುವ, ಬಿಳುಪಿನ ಹೆಸರಿನ ಮಿಶ್ರ ಮುಲಾಮುಗಳ ಬಗ್ಗೆ. ಅವುಗಳಲ್ಲಿ ಎಷ್ಟೋ ಸಲ ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಔಷಧಿ ಇರುತ್ತದೆ. ಮೊದಲು ಚರ್ಮ ತಿಳಿಯಾದಂತೆ ಕಂಡರೂ, ಮುಂದೆ ಈಗಾಗಲೇ ತೆಳುವಾದ ಚರ್ಮ ಇನ್ನಷ್ಟು ತೆಳುವಾಗುತ್ತದೆ, ಕಣ್ಣುಗುಡ್ಡೆಯ ಒಳಗಿನ ಒತ್ತಡ ಏರುವ ಅಪಾಯವೂ ಇದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ಪಟ್ಟಿಗೆ ಸೇರಿಸಿದೆ.

ನೆರಳಿಗೆ ಯಾವ ಕ್ರೀಮೂ ಇಲ್ಲ. ತಗ್ಗು ತುಂಬಲು ಚುಚ್ಚುವ ಫಿಲ್ಲರ್ ರಕ್ತನಾಳಕ್ಕೆ ಸೇರಿದರೆ, ಅಪರೂಪವಾಗಿಯಾದರೂ, ದೃಷ್ಟಿಯೇ ಹೋಗಬಹುದು. ಲೇಸರ್ ನಮ್ಮ ಬಣ್ಣದ ಚರ್ಮವನ್ನು ಕೆಲವೊಮ್ಮೆ ಮತ್ತಷ್ಟು ಕಪ್ಪಾಗಿಸುತ್ತದೆ.

ಇದು ಇಂದಿನ ದೃಶ್ಯ: ಅದೇ ಕಿಟಕಿ, ಅದೇ ಆರೂವರೆ. ಕಂದು ಬಣ್ಣ ಅರ್ಧದಷ್ಟು ಇಳಿದಿದೆ ಎಂಬುದು ನನ್ನ ಅಂದಾಜು. ಒಳಮೂಲೆಯ ತಗ್ಗು ಮಾತ್ರ ಅಮ್ಮನ ಮುಖದಲ್ಲಿರುವಂತೆಯೇ ಇದೆ. ಅದಕ್ಕೆ ನಾನು ಏನನ್ನೂ ಮಾಡಿಸುತ್ತಿಲ್ಲ.