ಗೋಳೇಶ್ವರದ ಪೈಲ್ವಾನರ ಊರಿಗೆ ಹೋದೆವು, ಕಾರಿನ ಕನ್ನಡಿ ಹೋಯಿತು

ಎಲ್ಲರಿಗೂ ನಮಸ್ಕಾರ. ಗಾಳಿ ಸದ್ದು ಜಾಸ್ತಿ ಬಂದರೆ ಸ್ವಲ್ಪ ಸಹಿಸಿಕೊಳ್ಳಿ, ಮೈಕಿಗೆ ಹಾಕುವ ಟೊಪ್ಪಿ ಎಲ್ಲೋ ಬಿದ್ದುಹೋಗಿದೆ. ದಾವಣಗೆರೆಯಿಂದ ಪುಣೆಗೆ, ಅಕ್ಕನ ಮನೆಗೆ ಹೊರಟಿದ್ದೇವೆ. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ಎಲ್ಲ ಹಿಂದಿನ ವಿಡಿಯೊದಲ್ಲಿ ಮುಗಿಯಿತು. ಇದು ಕರಾಡ. ಹೆದ್ದಾರಿ ಬಿಟ್ಟು ಒಳಗೆ ಇಳಿದಿದ್ದೇವೆ. ಗಾಡಿ ಓಡಿಸುತ್ತಿರುವುದು ನಮ್ಮ ಮಾವ. ಅವರು ಕೊಲ್ಹಾಪುರದಲ್ಲಿ ಕೆಲಸ ಮಾಡಿದವರು, ಮರಾಠಿ ಬರುತ್ತದೆ. ಅದನ್ನು ಬೆಳಗಾವಿ ದಾಟಿದ ಮೇಲೆ ಗಂಟೆಗೊಂದು ಸಲ ಹೇಳುತ್ತಲೂ ಇದ್ದಾರೆ.

ಇವತ್ತು ಜನವರಿ 15. ಖಾಶಾಬಾ ಜಾಧವ್ ಹುಟ್ಟಿದ ದಿನ. 1926ರಲ್ಲಿ, ಇಲ್ಲೇ ಕರಾಡದ ಪಕ್ಕದ ಗೋಳೇಶ್ವರದಲ್ಲಿ. ಯಾರು ಅಂತ ಕೇಳಬೇಡಿ ಮಾರಾಯ್ರೆ. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಪೈಲ್ವಾನರು. 1952, ಹೆಲ್ಸಿಂಕಿ, ಕಂಚು. ಅದಾದ ಮೇಲೆ ಇನ್ನೊಂದು ವೈಯಕ್ತಿಕ ಪದಕ ಬರಲು 1996ರ ಲಿಯಾಂಡರ್ ಪೇಸ್‌ವರೆಗೆ ಕಾಯಬೇಕಾಯಿತು. 44 ವರ್ಷ!

ಈಗ ಪರದೆ ಮೇಲೆ ಕಾಣುತ್ತಿರುವ ಟ್ರ್ಯಾಕ್ಟರ್ ನೋಡಿ. ಚೆನ್ನಾಗಿ ನೋಡಿಕೊಳ್ಳಿ. ಇದು ಕಬ್ಬು ಕಡಿಯುವ ಕಾಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡರ ಮೇಲೂ ಮನೆ ಎತ್ತರಕ್ಕೆ ಕಬ್ಬು, ಎರಡು ಪಕ್ಕಕ್ಕೂ ಮೊಳದುದ್ದ ಹೊರಗೆ ಚಾಚಿಕೊಂಡ ತುದಿಗಳು. ಡ್ರೈವರ್ ತಲೆಯ ಹಿಂದೆ ಸ್ಪೀಕರ್. ಅದರ ಅಬ್ಬರಕ್ಕೆ ನಮ್ಮ ಎದೆ ಅದುರುತ್ತಿತ್ತು. ಮಾವ ಹಾರ್ನ್ ಹೊಡೆದರು. ಅವನಿಗೆ ಯಾಕೆ ಕೇಳಿಸೀತು? ಪಕ್ಕದಲ್ಲಿ ಒಂದು ಸಣ್ಣ ಜಾಗ ಸಿಕ್ಕಿತು, ಮಾವ ನುಗ್ಗಿಸಿದರು, ಟಪ್ ಅಂತ ಸದ್ದು. ಎಡಗಡೆಯ ಕನ್ನಡಿ ಕಬ್ಬಿಗೆ ಸಿಕ್ಕಿ ಹಿಂದಕ್ಕೆ ಮಡಚಿಕೊಂಡು, ಗಾಜು ಪುಡಿಪುಡಿ. ಟ್ರ್ಯಾಕ್ಟರ್ ತನ್ನ ಪಾಡಿಗೆ ಹಾಡು ಹಾಕಿಕೊಂಡು ಹೋಯಿತು. ಅವನಿಗೆ ಗೊತ್ತೇ ಆಗಲಿಲ್ಲ.

ಕರಾಡದಲ್ಲಿ ಒಂದು ಗ್ಯಾರೇಜ್ ಹುಡುಕಿದೆವು. ಬರೀ ಗಾಜು ಹಾಕಿಕೊಡಿ ಅಂದರೆ, ಬರೀ ಗಾಜು ಬರುವುದಿಲ್ಲ, ಪೂರ್ತಿ ಸೆಟ್ ತೆಗೆದುಕೊಳ್ಳಬೇಕು ಅಂದರು. ಎಷ್ಟು? 4,200. ಅದೂ ಪುಣೆಯಿಂದ ತರಿಸಬೇಕು, ಎರಡು ದಿನ. ಬಣ್ಣ? ಬಣ್ಣ ಬೇರೆ ಕಡೆ ಹೊಡೆಸಿಕೊಳ್ಳಿ. ಒಂದು ಅಂಗೈಯಷ್ಟು ಗಾಜಿಗೆ 4,200 ರೂಪಾಯಿ! ಒಳಗೆ ಮೋಟರ್ ಇದೆ, ವೈರ್ ಇದೆ, ಇಂಡಿಕೇಟರ್ ಇದೆ ಅಂತ ಅವರು ಬಿಡಿಸಿ ಬಿಡಿಸಿ ಹೇಳುತ್ತಾರೆ. ಅಣ್ಣ, ಮೋಟರ್ ಚೆನ್ನಾಗಿದೆ, ವೈರ್ ಚೆನ್ನಾಗಿದೆ, ಇಂಡಿಕೇಟರ್ ಮಿನುಗುತ್ತಿದೆ, ನನಗೆ ಬೇಕಿರುವುದು ಗಾಜು. ಇಲ್ಲ, ಬರುವುದಿಲ್ಲ. ಹಿಂದೆ ಅಂಬಾಸಡರ್ ಕಾಲದಲ್ಲಿ ಯಾವ ಗಾಜಿನ ಅಂಗಡಿಗೆ ಹೋದರೂ ಕತ್ತರಿಸಿ ಅಂಟಿಸಿ ಕೊಡುತ್ತಿದ್ದರಂತೆ. ಇದು ಮಾವನ ಕೊಡುಗೆ. ಅವರ ಮರಾಠಿಯೂ ಒಂದು ಕೈ ನೋಡಿತು. ಹತ್ತು ನಿಮಿಷ ಮಾತಾಡಿ, ನಗಾಡಿ, ಚಹಾ ಕುಡಿದು ವಾಪಸ್ ಬಂದರು. ಈಗ ಎಷ್ಟಾಯಿತು ಅಂದರೆ, 4,200. ಆದರೆ ಒಳ್ಳೆಯ ಮನುಷ್ಯ ಅಂದರು. ಕೊನೆಗೆ ರಸ್ತೆ ಬದಿಯಲ್ಲಿ 120 ರೂಪಾಯಿಗೆ ಒಂದು ಗುಂಡು ಕನ್ನಡಿ ಸಿಕ್ಕಿತು. ಅದನ್ನೇ ಕಂದು ಟೇಪ್ ಸುತ್ತಿ ಕೂರಿಸಿದ್ದೇವೆ. ಅದರಲ್ಲಿ ಹಿಂದಿನ ಗಾಡಿಗಿಂತ ಜಾಸ್ತಿ ನನ್ನ ಮೂಗೇ ಕಾಣುತ್ತದೆ.

ಸರಿ, ಊರು ಬಂತು. ರಸ್ತೆ, ಮನೆ, ಹೊಲ ನೀವೇ ನೋಡುತ್ತಿದ್ದೀರಿ. ಫೋಟೊಕ್ಕೆ ಹಾರ, ಮುಂದೆ ಸಾಲಾಗಿ ಶಾಲೆ ಮಕ್ಕಳು. ನಿಜ ಹೇಳಬೇಕಂದರೆ ಫೋಟೊಕ್ಕೆ ಹಾರ ಹಾಕಿ ಭಾಷಣ ಮಾಡುವ ಕಾರ್ಯಕ್ರಮ ಕಂಡರೆ ನನಗೆ ಆಗುವುದಿಲ್ಲ. ಹಾರ ಹಾಕಿದವರ ಫೋಟೊ ತೆಗೆಯುವುದೇ ಅಲ್ಲಿ ದೊಡ್ಡ ಕೆಲಸ. ಆದರೆ ಈ ಊರಿನ ವಿಷಯ ಸ್ವಲ್ಪ ಬೇರೆ. ಯಾಕೆ ಅಂದರೆ ಇವರು ಮೊದಲು ಹಾರ ಹಾಕಿದವರಲ್ಲ, ಮೊದಲು ದುಡ್ಡು ಹಾಕಿದವರು.

ಖಾಶಾಬಾ 1948ರಲ್ಲೇ ಲಂಡನ್ ಒಲಿಂಪಿಕ್ಸ್‌ಗೆ ಹೋಗಿದ್ದರು, ಕೊಲ್ಹಾಪುರದ ಮಹಾರಾಜರ ಖರ್ಚಿನಲ್ಲಿ. ಮಟ್ಟಿಯ, ಅಂದರೆ ಗರಡಿ ಮಣ್ಣಿನ ಮೇಲೆ ಆಡಿ ಬೆಳೆದವರಿಗೆ ಅಲ್ಲಿ ಮ್ಯಾಟ್. ನಮ್ಮ ದಾವಣಗೆರೆ ಗರಡಿ ಮನೆ ಹುಡುಗರನ್ನು ಕೇಳಿ, ಹೇಳುತ್ತಾರೆ. ಮಟ್ಟಿಯಲ್ಲಿ ಕಾಲು ಊರುವ ರೀತಿಯೇ ಬೇರೆ, ಮ್ಯಾಟಿನ ಮೇಲೆ ಓಟ ಜಾಸ್ತಿ, ಲೆಕ್ಕ ಪಾಯಿಂಟಿನದು. ಆದರೂ ಆರನೇ ಸ್ಥಾನ ಬಂದರು. ಹೆಲ್ಸಿಂಕಿಗೆ ಹೋಗುವಾಗ ಮಾತ್ರ ಕೈಯಲ್ಲಿ ಕಾಸಿಲ್ಲ. ಊರಿನವರು ಮನೆ ಮನೆಯಿಂದ ಹಣ ಕೂಡಿಸಿದರು. ಅವರು ಓದಿದ ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ್ ತಮ್ಮ ಮನೆಯನ್ನೇ ಅಡ ಇಟ್ಟು 7,000 ರೂಪಾಯಿ ಕೊಟ್ಟರು. 1952ರ 7,000! ಕನ್ನಡಿಗೆ 4,200 ಕೇಳಿದ್ದಕ್ಕೆ ಬೆಳಗ್ಗೆಯಿಂದ ಗೊಣಗುತ್ತಿರುವವನು ನಾನು. ಮಾವ ಪಕ್ಕದಲ್ಲಿ ಇದನ್ನೇ ಹೇಳಿ ನಗುತ್ತಿದ್ದಾರೆ, ಅದನ್ನು ಎಡಿಟ್‌ನಲ್ಲಿ ತೆಗೆಯುತ್ತೇನೆ.

ಹೆಲ್ಸಿಂಕಿಯಲ್ಲಿ 57 ಕಿಲೊ ವಿಭಾಗ. ಕೆನಡಾ, ಮೆಕ್ಸಿಕೊ, ಜರ್ಮನಿಯ ಪೈಲ್ವಾನರನ್ನು ಸೋಲಿಸಿದರು. ಆಮೇಲೆ ಜಪಾನಿನ ಶೋಹಾಚಿ ಇಶಿಯಿ ಜೊತೆ ಉದ್ದನೆಯ ಕುಸ್ತಿ, ಅದರಲ್ಲಿ ಸೋತರು. ಇಶಿಯಿಗೇ ಕೊನೆಗೆ ಚಿನ್ನ. ಅದು ಮುಗಿದ ಕೂಡಲೇ ಸೋವಿಯತ್ ಪೈಲ್ವಾನ ರಶೀದ್ ಮಮ್ಮದ್‌ಬೆಯೋವ್ ಜೊತೆ ಆಡು ಅಂದರು. ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆ ಬಿಡುವು ಕೊಡಬೇಕು ಅನ್ನುವುದು ನಿಯಮ. ಅದನ್ನು ಕೇಳಲು ನಮ್ಮ ಕಡೆಯ ಒಬ್ಬ ಅಧಿಕಾರಿಯೂ ಅಲ್ಲಿರಲಿಲ್ಲ. ಸುಸ್ತಾದ ಮೈಯಲ್ಲೇ ಇಳಿದರು, ಸೋತರು. ಬಂದದ್ದು ಕಂಚು. ನನಗಂತೂ ಇದನ್ನು ಓದಿದಾಗ ಮೈ ಉರಿದುಹೋಯಿತು. ಅಷ್ಟು ದೂರ ಹೋಗಿ, ಬೇಕಾದ ಹೊತ್ತಿಗೆ ಎಲ್ಲಿ ಸುತ್ತುತ್ತಿದ್ದರು ಇವರೆಲ್ಲ?

ಅದೇ ಒಲಿಂಪಿಕ್ಸ್‌ನಲ್ಲಿ ಹಾಕಿಯಲ್ಲಿ ಚಿನ್ನ ಬಂದಿತ್ತು. ದೇಶವೆಲ್ಲ ಹಾಕಿ ಹಾಕಿ ಅಂತ ಕುಣಿದು ಇವರನ್ನು ಮರೆತಿತು ಅಂತ ನಾನು ಬಯ್ಯಬೇಕು ಅಂತಿದ್ದೆ. ಹಾಗೆ ನೋಡಿದರೆ ಅದು ಸತತ ಐದನೇ ಚಿನ್ನ, ಯಾರಿಗಾದರೂ ಖುಷಿ ಆಗುತ್ತದೆ ಅಲ್ವಾ. ಬಿಡಿ.

ಈ ಊರು ಮಾತ್ರ ಮರೆಯಲಿಲ್ಲ. ಪದಕ ತಂದ ಖಾಶಾಬಾ ಕರಾಡ ಸ್ಟೇಷನ್ನಿನಲ್ಲಿ ಇಳಿದಾಗ 100ಕ್ಕೂ ಜಾಸ್ತಿ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿದ್ದರು. 15 ನಿಮಿಷದ ದಾರಿಗೆ 7 ಗಂಟೆ ಹಿಡಿಯಿತು ಅಂತ ಅವರ ಮನೆಯವರೇ ಹೇಳಿದ್ದಾರೆ. ಕಣ್ಣ ಮುಂದೆ ತಂದುಕೊಳ್ಳಿ. ಎತ್ತಿನ ಕೊರಳ ಗೆಜ್ಜೆ, ಹಲಗೆ ಬಡಿತ, ಧೂಳು. ಆ ಧೂಳಿನಲ್ಲಿ ಕ್ಯಾಮೆರಾ ಹಿಡಿಯಲು ನಾನಿರಬೇಕಿತ್ತು. ಖಾಶಾಬಾ ಏನು ಮಾಡಿದರು ಗೊತ್ತಾ? ಊರಿಗೆ ಬಂದು ಜಂಗಿ ಕುಸ್ತಿ, ಅಂದರೆ ದೊಡ್ಡ ಕುಸ್ತಿ ಪಂದ್ಯ ಏರ್ಪಾಡು ಮಾಡಿ, ತಾವೂ ಆಡಿ, ಬಂದ ಹಣದಲ್ಲಿ ಪ್ರಿನ್ಸಿಪಾಲರ ಮನೆ ಬಿಡಿಸಿಕೊಟ್ಟರು. ನಮ್ಮ ಮಾವ ಇಷ್ಟು ಹೊತ್ತಿಗೆ ಮೊದಲ ಬಾರಿ ಸುಮ್ಮನಾದರು.

ಇಲ್ಲಿ ಒಬ್ಬ ಅಜ್ಜ ಎಳ್ಳುಂಡೆ ಕೊಟ್ಟರು, ಸಂಕ್ರಾಂತಿಯದು. ತುಂಬ ಗಟ್ಟಿ, ಆದರೆ ಬೆಲ್ಲ ಸೂಪರ್. ಎಲ್ಲಿಂದ ಬಂದಿರಿ ಅಂದರು, ದಾವಣಗೆರೆ ಅಂದೆವು. ಅಲ್ಲೂ ಪೈಲ್ವಾನರಿದ್ದಾರಲ್ಲ ಅಂದರು! ಇದೊಂದು ಮಾತಿಗೆ ಇಲ್ಲಿಗೆ ಬಂದದ್ದು ಸಾರ್ಥಕ.

ಇನ್ನು ಸರ್ಕಾರದ ಕಡೆಯ ಕತೆ ಬೇಗ ಹೇಳುತ್ತೇನೆ, ಬ್ಯಾಟರಿ ಕೆಂಪಾಗಿದೆ. 1955ರಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಕೆಲಸ ಸಿಕ್ಕಿತು. ನಿವೃತ್ತಿ ಆದ ಮೇಲೆ ಪಿಂಚಣಿಗಾಗಿ ಒದ್ದಾಡಿದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಹೋಗಿ ಹದಿನೈದು ವರ್ಷ ದಾಟಿದ ಮೇಲೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ದಿಲ್ಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. ಇಲ್ಲಿ ಅವರ ಹೆಸರಿನ ಕುಸ್ತಿ ಅಕಾಡೆಮಿ ಆಗಬೇಕಿತ್ತು. ಮಾತು ಕೊಟ್ಟರೂ ಕೆಲಸ ಆಗಲಿಲ್ಲ ಅಂತ 2017ರಲ್ಲಿ ಮನೆಯವರು ಆ ಕಂಚಿನ ಪದಕವನ್ನೇ ಹರಾಜು ಹಾಕುತ್ತೇವೆ ಅಂದಿದ್ದರು. ಅಕಾಡೆಮಿ ಕಟ್ಟಲು ಪದಕ ಮಾರುವುದು! ಹಾರ, ಭಾಷಣದ ಬಗ್ಗೆ ನನಗೆ ಸಿಟ್ಟು ಬರುವುದು ಇದಕ್ಕೇ. ಆದರೆ ಎದುರಿಗಿರುವ ಈ ಮಕ್ಕಳಿಗೆ ಅವರ ಹೆಸರು, ಇಸವಿ, ತೂಕದ ವಿಭಾಗ ಎಲ್ಲ ಬಾಯಿಪಾಠ. ಹಾರ ಹಾಕುವ ಕಾರ್ಯಕ್ರಮ ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲವೇನೋ. ಹಾಕಲಿ ಬಿಡಿ.

ಓ, ಮಕ್ಕಳ ಕುಸ್ತಿ ಶುರು. ಮೈಕಿನಲ್ಲಿ ಸಿನಿಮಾ ಹಾಡು ಹಾಕಿಬಿಟ್ಟರು, ಕಾಪಿರೈಟ್ ಬೀಳುತ್ತದೆ, ಇಲ್ಲಿಂದ ಮುಂದೆ ಸದ್ದು ತೆಗೆದಿರುತ್ತೇನೆ. ನೀಲಿ ಚಡ್ಡಿ ಹುಡುಗನ ಮೇಲೆ ಕಣ್ಣಿಡಿ. ಮಾವ ಅವನ ಮೇಲೆ ಐವತ್ತು ರೂಪಾಯಿ ಕಟ್ಟಿದ್ದಾರೆ, ಅದೂ ನನ್ನಿಂದ ಸಾಲ ತೆಗೆದುಕೊಂಡು.